ಗ್ರೂಪ್ ಥಿಯರಿಗೆ ಎಲ್ಲಿಂದ ಕಾಲಿಡಬೇಕು? ಐದು ದಾರಿಗಳ ಹೋಲಿಕೆ

ಗ್ರೂಪ್ ಥಿಯರಿ ಕಲಿಯಬೇಕು ಅಂತ ಮನಸ್ಸು ಮಾಡಿದವರಿಗೆ ಪುಸ್ತಕಕ್ಕೂ ಬರ ಇಲ್ಲ, ವಿಡಿಯೋಗೂ ಬರ ಇಲ್ಲ. ತೊಂದರೆ ಇರುವುದು ಶುರುವಿನಲ್ಲಿ. ಒಬ್ಬರು ನಾಲ್ಕು ನಿಯಮ ಬರೆದು ಪಾಠ ಆರಂಭಿಸುತ್ತಾರೆ. ಇನ್ನೊಬ್ಬರು ತ್ರಿಭುಜ ತಿರುಗಿಸುತ್ತಾರೆ. ಮತ್ತೊಬ್ಬರು ಭಾಗಾಕಾರದ ಶೇಷದಿಂದ ಹೊರಡುತ್ತಾರೆ. ಕೊನೆಗೆ ಎಲ್ಲರೂ ಒಂದೇ ವಿಷಯಕ್ಕೆ ಬಂದು ಸೇರುತ್ತಾರೆ, ನಿಜ. ಆದರೆ ಕಲಿಯುವವರು ಎಲ್ಲಿ ಎಡವುತ್ತಾರೆ, ಎಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ ಅನ್ನುವುದು ಹಿಡಿದ ದಾರಿಯ ಮೇಲೆ ನಿಂತಿರುತ್ತದೆ.

ಇಲ್ಲಿ ಐದು ದಾರಿಗಳನ್ನು ಹೋಲಿಸಿದ್ದೇನೆ: ನಿಯಮಗಳು, ಶೇಷದ ಲೆಕ್ಕ, ಸಮಮಿತಿ (ಆಕೃತಿಯನ್ನು ಕದಲಿಸಿದರೂ ಮೊದಲಿನ ಹಾಗೇ ಕಾಣುವುದು), ಕ್ರಮಯೋಜನೆ (ವಸ್ತುಗಳನ್ನು ಅದಲುಬದಲು ಮಾಡುವುದು), ಮ್ಯಾಟ್ರಿಕ್ಸ್. ನನಗೆ ಇವೆಲ್ಲ ಸಮಾನ ಅಲ್ಲ. ಮೊದಲ ಹೆಜ್ಜೆಗೆ ಸಮಮಿತಿಯೇ ಸರಿ ಅನ್ನುವುದು ನನ್ನ ನಿಲುವು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗ್ರೂಪ್ ಅಂದರೆ ಏನು ಅಂತ ಮೊದಲು ಚುಟುಕಾಗಿ ನೋಡೋಣ. ಒಂದು ಗಣ ಇರಬೇಕು, ಅದರ ಯಾವುದೇ ಎರಡು ಅಂಶಗಳನ್ನು ಜೋಡಿಸುವ ಒಂದು ಕ್ರಿಯೆ ಇರಬೇಕು. ಜೋಡಿಸಿದಾಗ ಬರುವ ಫಲ ಅದೇ ಗಣದ ಒಳಗಿರಬೇಕು. ಮೂರು ಅಂಶಗಳನ್ನು ಜೋಡಿಸುವಾಗ ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ ಆಗಬೇಕು. ಯಾರ ಜೊತೆ ಸೇರಿದರೂ ಏನನ್ನೂ ಬದಲಿಸದ ಒಂದು ಅಂಶ ಇರಬೇಕು, ಅದೇ ಅನನ್ಯತಾಂಶ. ಪ್ರತಿ ಅಂಶಕ್ಕೂ ಅದರ ಕೆಲಸವನ್ನು ಹಿಂದಕ್ಕೆ ತರುವ ಇನ್ನೊಂದು ಅಂಶ, ಅಂದರೆ ವಿಲೋಮ, ಇರಬೇಕು. ಇಷ್ಟೇ. ಎರಡು ಅಂಶಗಳನ್ನು ಅದಲುಬದಲು ಮಾಡಿದರೆ ಉತ್ತರ ಅದೇ ಬರಬೇಕು ಅಂತ ಎಲ್ಲೂ ಹೇಳಿಲ್ಲ. ಈ ಹೇಳದೆ ಬಿಟ್ಟ ಮಾತಿನಲ್ಲೇ ವಿಷಯದ ಮುಕ್ಕಾಲು ರುಚಿ ಇದೆ.

ಐದೂ ದಾರಿಗಳನ್ನು ಅಳೆಯಲು ಒಂದೇ ಅಳತೆಗೋಲು ಇಟ್ಟುಕೊಳ್ಳೋಣ: ಆರು ಅಂಶಗಳ ಗ್ರೂಪ್. ಯಾಕೆ ಆರು? ಐದು ಅಂಶಗಳವರೆಗಿನ ಎಲ್ಲ ಗ್ರೂಪ್‌ಗಳಲ್ಲೂ ಕ್ರಮ ಬದಲಿಸಿದರೆ ಏನೂ ಆಗುವುದಿಲ್ಲ. ಕ್ರಮ ಬದಲಿಸಿದರೆ ಉತ್ತರವೂ ಬದಲಾಗುವ ಗ್ರೂಪ್ ಮೊದಲ ಸಲ ಕಾಣಿಸುವುದು ಆರರಲ್ಲಿ. ಹೆಸರು, ವೇಷ ಬಿಟ್ಟು ನೋಡಿದರೆ ಆರು ಅಂಶಗಳ ಗ್ರೂಪ್ ಇರುವುದು ಎರಡೇ. ಒಂದು ಸಾಧು, ಇನ್ನೊಂದು ಹಟಮಾರಿ. ಯಾವ ದಾರಿ ಯಾವುದನ್ನು ತೋರಿಸುತ್ತದೆ, ಎಷ್ಟು ಬೇಗ ತೋರಿಸುತ್ತದೆ ಅನ್ನುವುದನ್ನು ನೋಡಿದರೆ ದಾರಿಯ ಗುಣ ಗೊತ್ತಾಗುತ್ತದೆ.

ನಿಯಮಗಳಿಂದ ಶುರು ಮಾಡಿದರೆ

ಕಾಲೇಜಿನ ತರಗತಿಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಮೊದಲ ಪುಟದಲ್ಲಿ ನಾಲ್ಕು ನಿಯಮ, ಎರಡನೇ ಪುಟದಲ್ಲಿ ಅನನ್ಯತಾಂಶ ಒಂದೇ ಇರಲು ಸಾಧ್ಯ ಅನ್ನುವ ಸಾಧನೆ. ಈ ದಾರಿಯ ಒಳ್ಳೆಯ ಗುಣ ಏನೆಂದರೆ, ಚಿಕ್ಕ ಚಿಕ್ಕ ಸಾಧನೆಗಳನ್ನು ಬರೆದು ಕೈ ಪಳಗುತ್ತದೆ. ಎರಡು ಸಾಲಿನಲ್ಲಿ ಮುಗಿಯುವ ಪ್ರಮೇಯಗಳು ಸಾಕಷ್ಟು ಸಿಗುತ್ತವೆ. ಪರೀಕ್ಷೆಗೂ ಇದೇ ಬೇಕು.

ಕೊರತೆ ಏನು? ಚರಿತ್ರೆಯಲ್ಲಿ ಕೊನೆಗೆ ಬಂದದ್ದನ್ನು ಇಲ್ಲಿ ಮೊದಲು ಬಡಿಸುತ್ತಾರೆ. ಗಣಿತಜ್ಞ ಲಗ್ರಾಂಜ್, ಸಮೀಕರಣದ ಮೂಲಗಳನ್ನು ಅದಲುಬದಲು ಮಾಡಿ ನೋಡಿದ್ದು 1770ರ ಸುಮಾರಿಗೆ. ಕೇಲಿ ಗ್ರೂಪನ್ನು ಕೇವಲ ಅಂಶಗಳು ಮತ್ತು ಜೋಡಣೆಯ ಕೋಷ್ಟಕವಾಗಿ ನೋಡಿದ್ದು 1854ರಲ್ಲಿ. ನಡುವೆ ಎಂಬತ್ತಕ್ಕೂ ಹೆಚ್ಚು ವರ್ಷ ಘಟಾನುಘಟಿಗಳೇ ಉದಾಹರಣೆಗಳ ಜೊತೆ ಗುದ್ದಾಡಿದ್ದಾರೆ. ಅವರಿಗೇ ಅಷ್ಟು ಹಿಡಿದಿರುವಾಗ, ಉದಾಹರಣೆಯೇ ಇಲ್ಲದೆ ನಿಯಮ ಓದಿದವರಿಗೆ ತಲೆಬುಡ ತಿಳಿಯದಿದ್ದರೆ ತಪ್ಪು ಅವರದಲ್ಲ.

ಆದರೂ ಈ ದಾರಿಯಲ್ಲಿ ಒಂದು ಒಳ್ಳೆಯ ಆಟ ಇದೆ: ಕೋಷ್ಟಕ ತುಂಬುವುದು. ಗ್ರೂಪಿನ ಕೋಷ್ಟಕದಲ್ಲಿ ಪ್ರತಿ ಅಡ್ಡ ಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಪ್ರತಿ ಅಂಶ ಒಂದೇ ಸಲ ಬರುತ್ತದೆ, ಥೇಟ್ ಸುಡೋಕು ಥರ. ಮೂರು ಅಂಶ ಇಟ್ಟುಕೊಂಡು ತುಂಬಿ, ಒಂದೇ ಉತ್ತರ ಸಿಗುತ್ತದೆ. ನಾಲ್ಕು ಇಟ್ಟುಕೊಂಡರೆ ನಿಜವಾಗಿ ಬೇರೆಯಾದ ಎರಡು ಸಿಗುತ್ತವೆ. ಅಲ್ಲಿಯವರೆಗೆ ಎಲ್ಲ ಸಲೀಸು. ಐದಕ್ಕೆ ಬಂದಾಗ ಈ ಕೋಷ್ಟಕ ನೋಡಿ:

0 1 2 3 4
1 0 3 4 2
2 4 0 1 3
3 2 4 0 1
4 3 1 2 0

ಇಲ್ಲಿ 0 ಅನನ್ಯತಾಂಶ. ಜೋಡಿಸುವಾಗ ಮೊದಲ ಅಂಶಕ್ಕೆ ಅಡ್ಡ ಸಾಲು, ಎರಡನೆಯದಕ್ಕೆ ಕಂಬಸಾಲು ನೋಡಿ. ಅಡ್ಡ ಸಾಲು, ಕಂಬಸಾಲು ಎಲ್ಲ ಸರಿ ಇವೆ. ಪ್ರತಿ ಅಂಶವೂ ತನಗೆ ತಾನೇ ವಿಲೋಮ. ನೋಡಲು ಚೆಂದದ ಗ್ರೂಪ್ ಅಲ್ವಾ? ಅಲ್ಲ. 1 ಮತ್ತು 2 ಜೋಡಿಸಿದರೆ 3, ಅದಕ್ಕೆ ಮತ್ತೆ 2 ಜೋಡಿಸಿದರೆ 4. ಈಗ ಆವರಣ ಬದಲಿಸಿ: 2 ಮತ್ತು 2 ಜೋಡಿಸಿದರೆ 0, ಅದನ್ನು 1ಕ್ಕೆ ಜೋಡಿಸಿದರೆ 1. ಒಂದು ಕಡೆ 4, ಇನ್ನೊಂದು ಕಡೆ 1. ಆವರಣದ ನಿಯಮ, ಅಂದರೆ ಸಹವರ್ತನೀಯ ನಿಯಮ, ಮುರಿದುಬಿತ್ತು. ಈ ನಿಯಮ ಕೋಷ್ಟಕದ ಮುಖ ನೋಡಿದರೆ ಕಾಣುವುದಿಲ್ಲ, ಮೂರು ಮೂರು ಅಂಶ ಹಿಡಿದು ಪರೀಕ್ಷಿಸಲೇಬೇಕು. ಪಾಠದಲ್ಲಿ ಸುಮ್ನೆ ಒಂದು ಸಾಲಾಗಿ ಬಂದು ಹೋಗುವ ನಿಯಮಕ್ಕೆ ಎಷ್ಟು ತೂಕ ಇದೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಆರರ ಪರೀಕ್ಷೆಯಲ್ಲಿ ಈ ದಾರಿ ನಿಧಾನ. ಆರು ಅಂಶಗಳ ಎರಡೇ ಗ್ರೂಪ್ ಇವೆ ಅಂತ ಬರೀ ನಿಯಮಗಳಿಂದ ತೋರಿಸಬಹುದು. ಆದರೆ ಅಷ್ಟು ಹೊತ್ತಿಗೆ ಹೊಸಬರಿಗೆ ಉಸಿರು ಕಟ್ಟಿರುತ್ತದೆ.

ಶೇಷದ ಲೆಕ್ಕದಿಂದ ಶುರು ಮಾಡಿದರೆ

ಲೆಕ್ಕ ಮಾಡಲು ಇಷ್ಟ ಇರುವವರಿಗೆ, ಪ್ರೋಗ್ರಾಮಿಂಗ್ ಗೊತ್ತಿರುವವರಿಗೆ ಇದು ಬಲು ಹಿತವಾದ ದಾರಿ. 7ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 1ರಿಂದ 6ರವರೆಗಿನ ಸಂಖ್ಯೆಗಳನ್ನು ಗುಣಿಸಿ. 7 ಅವಿಭಾಜ್ಯ ಸಂಖ್ಯೆ ಆದ್ದರಿಂದ ಗುಣಲಬ್ಧ ಯಾವತ್ತೂ ಸೊನ್ನೆ ಆಗುವುದಿಲ್ಲ, ಎಲ್ಲರಿಗೂ ವಿಲೋಮ ಸಿಗುತ್ತದೆ. ಹಾಗಾಗಿ ಆರು ಅಂಶಗಳ ಗ್ರೂಪ್ ಕೈಯಲ್ಲೇ ಇದೆ.

3ರ ಘಾತಗಳನ್ನು ಬರೆಯುತ್ತಾ ಹೋಗಿ: 3, 2, 6, 4, 5, 1. ಒಂದು ಸುತ್ತಿನಲ್ಲಿ ಆರೂ ಬಂದವು. ಒಂದೇ ಅಂಶ ಇಡೀ ಗ್ರೂಪನ್ನು ಹುಟ್ಟಿಸುತ್ತದೆ. ಇಂಥದ್ದಕ್ಕೆ ಸೈಕ್ಲಿಕ್ ಗ್ರೂಪ್ ಅನ್ನುತ್ತಾರೆ. ಈಗ 2ರ ಘಾತಗಳು: 2, 4, 1. ಮೂರರಲ್ಲೇ ಸುತ್ತು ಮುಗಿಯಿತು. 6ರ ಘಾತಗಳು: 6, 1. ಎರಡರಲ್ಲಿ ಮುಗಿಯಿತು. ಸುತ್ತಿನ ಉದ್ದ 1, 2, 3, 6 ಮಾತ್ರ ಬರುತ್ತದೆ, 4 ಅಥವಾ 5 ಬರುವುದೇ ಇಲ್ಲ. ಸಬ್‌ಗ್ರೂಪಿನ (ಗ್ರೂಪಿನ ಒಳಗೇ ಇರುವ ಚಿಕ್ಕ ಗ್ರೂಪಿನ) ಗಾತ್ರ ಗ್ರೂಪಿನ ಗಾತ್ರವನ್ನು ಭಾಗಿಸಲೇಬೇಕು ಅನ್ನುವ ಲಗ್ರಾಂಜ್ ಪ್ರಮೇಯ ಇದು. 1, 2, 4 ಒಂದು ಕಟ್ಟು. ಪ್ರತಿಯೊಂದನ್ನೂ 3ರಿಂದ ಗುಣಿಸಿದರೆ 3, 6, 5 ಇನ್ನೊಂದು ಕಟ್ಟು. ಎರಡು ಸಮ ಕಟ್ಟುಗಳಲ್ಲಿ ಇಡೀ ಗ್ರೂಪ್ ಹಂಚಿಹೋಯಿತು. ಈ ಕಟ್ಟುಗಳೇ ಕೋಸೆಟ್‌ಗಳು. ಪ್ರಮೇಯದ ಸಾಧನೆಯ ಜೀವಾಳ ಇಷ್ಟರಲ್ಲೇ ಇದೆ.

ಐಸೋಮಾರ್ಫಿಸಂ ಅನ್ನುವ ವಿಚಾರ ಕೂಡ ಈ ದಾರಿಯಲ್ಲಿ ತುಂಬ ಸ್ಪಷ್ಟವಾಗಿ ಸಿಗುತ್ತದೆ. 6ರ ಶೇಷಗಳಾದ 0ರಿಂದ 5ರವರೆಗಿನ ಸಂಖ್ಯೆಗಳನ್ನು ಕೂಡುವ ಗ್ರೂಪ್ ಒಂದಿದೆ. 7ರ ಶೇಷಗಳನ್ನು ಗುಣಿಸುವ ಗ್ರೂಪ್ ಇನ್ನೊಂದು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎರಡನೆಯದರಲ್ಲಿ ಪ್ರತಿ ಸಂಖ್ಯೆಯ ಬದಲು ಅದು 3ರ ಎಷ್ಟನೇ ಘಾತ ಅಂತ ಬರೆಯಿರಿ. 2 ಅಂದರೆ ಎರಡನೇ ಘಾತ, 4 ಅಂದರೆ ನಾಲ್ಕನೇ ಘಾತ. 2 ಗುಣಿಸು 4 ಅಂದರೆ 8, ಶೇಷ 1. ಘಾತಗಳಲ್ಲಿ 2 ಕೂಡಿಸು 4 ಅಂದರೆ 6, ಶೇಷ 0. 3ರ ಸೊನ್ನೆಯನೇ ಘಾತ 1. ಲೆಕ್ಕ ತಾಳೆ ಆಯಿತು. ಗುಣಾಕಾರ ಹೋಗಿ ಸಂಕಲನ ಬಂತು, ರಚನೆ ಅದೇ ಉಳಿಯಿತು.

ಇದರ ಉಪಯೋಗವೂ ದೊಡ್ಡದು. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಮುಂದಿಟ್ಟ ಗುಟ್ಟಿನ ಕೀಲಿ ಹಂಚಿಕೊಳ್ಳುವ ವಿಧಾನ ಇದೇ ಗ್ರೂಪಿನ ಮೇಲೆ ನಿಂತಿದೆ. ಅಲ್ಲಿ 7ರ ಜಾಗದಲ್ಲಿ 600ಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಂಖ್ಯೆ ಇರಬಹುದು. ಘಾತ ಕೊಟ್ಟರೆ ಸಂಖ್ಯೆ ಲೆಕ್ಕ ಹಾಕುವುದು ಸುಲಭ. ಸಂಖ್ಯೆ ಕೊಟ್ಟು ಘಾತ ಕೇಳಿದರೆ, ಸರಿಯಾಗಿ ಆರಿಸಿದ ದೊಡ್ಡ ಸಂಖ್ಯೆಗೆ ಇವತ್ತಿನ ಸಾಮಾನ್ಯ ಕಂಪ್ಯೂಟರ್‌ಗಳ ಕೈಲಿ ಆಗುವುದಿಲ್ಲ.

ಇಷ್ಟೆಲ್ಲ ಒಳ್ಳೆಯದಿದ್ದರೂ ಮೊದಲ ದಾರಿಯಾಗಿ ಇದನ್ನು ನಾನು ಹೇಳುವುದಿಲ್ಲ. ಕಾರಣ ಒಂದೇ. ಇಲ್ಲಿ ಸಿಗುವುದೆಲ್ಲ ಸಾಧು ಗ್ರೂಪ್‌ಗಳು. ಮೂರು ಗುಣಿಸು ಐದು, ಐದು ಗುಣಿಸು ಮೂರು ಎರಡೂ ಒಂದೇ. ಆರರ ಎರಡನೇ ಗ್ರೂಪ್ ಈ ದಾರಿಯಲ್ಲಿ ಎಷ್ಟು ದೂರ ಹೋದರೂ ಸಿಗುವುದಿಲ್ಲ. ಇದರಿಂದ ಆಗುವ ನಷ್ಟ ತಕ್ಷಣ ಕಾಣಿಸದು, ನಾರ್ಮಲ್ ಸಬ್‌ಗ್ರೂಪ್ ಅನ್ನುವ ಅಧ್ಯಾಯ ಬಂದಾಗ ಕಾಣಿಸುತ್ತದೆ. ಎಡದಿಂದ ಜೋಡಿಸಿ ಪಡೆದ ಎಡ ಕೋಸೆಟ್, ಬಲದಿಂದ ಜೋಡಿಸಿ ಪಡೆದ ಬಲ ಕೋಸೆಟ್ ಒಂದೇ ಆಗಿರಬೇಕು ಅಂತ ಅಲ್ಲಿ ಷರತ್ತು ಹಾಕುತ್ತಾರೆ. ಸಂಖ್ಯೆಗಳನ್ನಷ್ಟೇ ನೋಡಿದವರಿಗೆ ಅವು ಬೇರೆಯಾಗಲು ಹೇಗೆ ಸಾಧ್ಯ ಅನ್ನುವುದೇ ಹೊಳೆಯುವುದಿಲ್ಲ. ಷರತ್ತು ಯಾಕೆ ಬೇಕು ಅಂತ ಗೊತ್ತಿಲ್ಲದೆ ಬಾಯಿಪಾಠ ಶುರುವಾಗುತ್ತದೆ. ಎಷ್ಟೋ ಜನ ಕೈಚೆಲ್ಲುವುದು ಇದೇ ಜಾಗದಲ್ಲಿ.

ಸಮಮಿತಿಯಿಂದ ಶುರು ಮಾಡಿದರೆ

ಒಂದು ರಟ್ಟಿನ ಸಮಬಾಹು ತ್ರಿಭುಜ ಕತ್ತರಿಸಿಕೊಳ್ಳಿ. ಮೇಲಿನ ಮೂಲೆಗೆ 1, ಬಲ ಮೂಲೆಗೆ 2, ಎಡ ಮೂಲೆಗೆ 3 ಅಂತ ಎರಡೂ ಬದಿಯಲ್ಲಿ ಬರೆಯಿರಿ. ತ್ರಿಭುಜವನ್ನು ಎತ್ತಿ, ಏನಾದರೂ ಮಾಡಿ, ಮತ್ತೆ ಅದೇ ಜಾಗದಲ್ಲಿ ಕೂರುವ ಹಾಗೆ ಇಡಬೇಕು. ಎಷ್ಟು ರೀತಿಯಲ್ಲಿ ಆಗುತ್ತದೆ? ಸುಮ್ನೆ ಬಿಡುವುದು, ಮೂರನೇ ಒಂದು ಸುತ್ತು, ಮೂರನೇ ಎರಡು ಸುತ್ತು, ಮತ್ತೆ ಮೂರು ಮೂಲೆಗಳಲ್ಲಿ ಒಂದೊಂದನ್ನು ಇದ್ದಲ್ಲೇ ಇಟ್ಟು ಮಗುಚುವುದು. ಒಟ್ಟು ಆರು.

ಈಗ ಕ್ರಮ ಬದಲಿಸಿ ನೋಡೋಣ. ಮೊದಲು ಗಡಿಯಾರದ ದಿಕ್ಕಿನಲ್ಲಿ ಮೂರನೇ ಒಂದು ಸುತ್ತು ತಿರುಗಿಸಿ. ಮೇಲೆ 3, ಬಲಕ್ಕೆ 1, ಎಡಕ್ಕೆ 2 ಬಂತು. ಆಮೇಲೆ ಎಡಬಲ ಅದಲಾಗುವ ಹಾಗೆ ಮಗುಚಿ. ಮೇಲೆ 3, ಬಲಕ್ಕೆ 2, ಎಡಕ್ಕೆ 1.

ಮತ್ತೆ ಮೊದಲಿನ ಸ್ಥಿತಿಗೆ ತನ್ನಿ. ಈ ಸಲ ಮೊದಲು ಮಗುಚಿ: ಮೇಲೆ 1, ಬಲಕ್ಕೆ 3, ಎಡಕ್ಕೆ 2. ಆಮೇಲೆ ತಿರುಗಿಸಿ: ಮೇಲೆ 2, ಬಲಕ್ಕೆ 1, ಎಡಕ್ಕೆ 3.

ಉತ್ತರ ಬೇರೆ ಬೇರೆ. ಮೊದಲ ಸಲ ಬಲ ಮೂಲೆ ತನ್ನ ಜಾಗದಲ್ಲೇ ಉಳಿಯಿತು, ಎರಡನೇ ಸಲ ಎಡ ಮೂಲೆ. ಒಂದು ತುಂಡು ರಟ್ಟು ಹಿಡಿದವರಿಗೆ ಆರರ ಹಟಮಾರಿ ಗ್ರೂಪ್ ಹೀಗೆ ಕೂಡಲೇ ಕೈಗೆ ಸಿಕ್ಕಿತು. ಬೇರೆ ಯಾವ ದಾರಿಯೂ ಇಷ್ಟು ಬೇಗ ಇಲ್ಲಿಗೆ ತರುವುದಿಲ್ಲ.

ನಾರ್ಮಲ್ ಸಬ್‌ಗ್ರೂಪಿನ ಗಂಟು ಕೂಡ ಇಲ್ಲೇ ಬಿಚ್ಚಿಕೊಳ್ಳುತ್ತದೆ. "ಸುಮ್ನೆ ಬಿಡು" ಮತ್ತು "ಎಡಬಲ ಮಗುಚು" ಈ ಎರಡರದ್ದು ಒಂದು ಸಬ್‌ಗ್ರೂಪ್. ಮೊದಲು ತಿರುಗಿಸಿ ಆಮೇಲೆ ಇವೆರಡರಲ್ಲಿ ಒಂದನ್ನು ಮಾಡಿದರೆ ಸಿಗುವ ಕಟ್ಟು: ತಿರುಗಿಸುವುದು, ಬಲ ಮೂಲೆ ಉಳಿಸಿ ಮಗುಚುವುದು. ಮೊದಲು ಇವೆರಡರಲ್ಲಿ ಒಂದನ್ನು ಮಾಡಿ ಆಮೇಲೆ ತಿರುಗಿಸಿದರೆ ಸಿಗುವ ಕಟ್ಟು: ತಿರುಗಿಸುವುದು, ಎಡ ಮೂಲೆ ಉಳಿಸಿ ಮಗುಚುವುದು. ಎರಡು ಕಟ್ಟುಗಳು ಬೇರೆ. ಅಂದರೆ ಈ ಸಬ್‌ಗ್ರೂಪ್ ನಾರ್ಮಲ್ ಅಲ್ಲ. ಇದರಿಂದ ಕೋಷಂಟ್ ಗ್ರೂಪ್, ಅಂದರೆ ಕಟ್ಟುಗಳನ್ನೇ ಅಂಶಗಳಾಗಿ ಇಟ್ಟುಕೊಂಡ ಗ್ರೂಪ್, ಮಾಡಲು ಹೋದರೆ ಕಟ್ಟುಗಳ ಜೋಡಣೆಗೆ ಒಂದೇ ಉತ್ತರ ಬರುವುದಿಲ್ಲ. ಮೂರು ತಿರುಗುವಿಕೆಗಳ ಸಬ್‌ಗ್ರೂಪ್ ತೆಗೆದುಕೊಳ್ಳಿ, ಅಲ್ಲಿ ಈ ತಾಪತ್ರಯ ಇಲ್ಲ. ತಿರುಗುವಿಕೆಗಳದ್ದು ಒಂದು ಕಟ್ಟು, ಮಗುಚುವಿಕೆಗಳದ್ದು ಇನ್ನೊಂದು, ಯಾವ ಕಡೆಯಿಂದ ನೋಡಿದರೂ ಅಷ್ಟೇ. ಮಗುಚಿದ್ದನ್ನು ಮತ್ತೆ ಮಗುಚಿದರೆ ತಿರುಗುವಿಕೆ. ಎರಡು ಅಂಶಗಳ ಕೋಷಂಟ್ ಗ್ರೂಪ್ ತಾನಾಗಿ ಎದ್ದು ನಿಂತಿತು.

ಈ ದಾರಿಯ ಮುಂದಿನ ಊರುಗಳೂ ಸೊಗಸು. ಅಮೋನಿಯಾ ಅಣುವಿನ ಸಮಮಿತಿ ಇದೇ ಆರರ ಗ್ರೂಪ್, ನೀರಿನ ಅಣುವಿನದು ನಾಲ್ಕರದ್ದು. ಸಮತಲದಲ್ಲಿ ಎರಡು ದಿಕ್ಕಿಗೂ ಮತ್ತೆ ಮತ್ತೆ ಬರುವ ವಿನ್ಯಾಸಗಳನ್ನು ಸಮಮಿತಿಯ ಪ್ರಕಾರ ವಿಂಗಡಿಸಿದರೆ 17 ಬಗೆ ಮಾತ್ರ. ಮೂರು ಆಯಾಮದ ಹರಳುಗಳಲ್ಲಿ 230 ಬಗೆ. ಇದನ್ನು ಫ್ಯೊಡೊರೊವ್ ಮತ್ತು ಶೋನ್‌ಫ್ಲೀಸ್ 1891ರ ಹೊತ್ತಿಗೆ ಲೆಕ್ಕ ಹಾಕಿ ಮುಗಿಸಿದ್ದರು. ಜ್ಯಾಮಿತಿ ಅನ್ನುವುದನ್ನೇ ಸಮಮಿತಿಯ ಗ್ರೂಪ್ ಮೂಲಕ ನೋಡಬೇಕು ಅಂತ ಕ್ಲೈನ್ 1872ರಲ್ಲಿ ಮುಂದಿಟ್ಟ ಯೋಜನೆಯೂ ಈ ದಾರಿಯದ್ದೇ.

ಇಲ್ಲೂ ಒಂದು ತೊಡಕು ಇದೆ. ಚಿತ್ರ ನೋಡಿ ಅರ್ಥ ಮಾಡಿಕೊಂಡದ್ದನ್ನು ಸಾಧನೆಯಾಗಿ ಬರೆಯಲು ಕೂತರೆ ಕೈ ಓಡುವುದಿಲ್ಲ. "ಕಾಣ್ತಾ ಇದೆಯಲ್ಲ" ಅನ್ನುವುದು ಸಾಧನೆ ಆಗುವುದಿಲ್ಲ. ಹಾಗಾಗಿ ಬೇಗನೆ ಪಕ್ಕದ ದಾರಿಗೆ ಹಾಯಬೇಕು.

ಕ್ರಮಯೋಜನೆಯಿಂದ ಶುರು ಮಾಡಿದರೆ

ಆ ಪಕ್ಕದ ದಾರಿ ಇದೇ. ತ್ರಿಭುಜ ಬಿಡಿ, 1, 2, 3 ಅನ್ನುವ ಮೂರು ಗುರುತುಗಳನ್ನಷ್ಟೇ ಇಟ್ಟುಕೊಳ್ಳಿ. ಅವುಗಳನ್ನು ಅದಲುಬದಲು ಮಾಡುವ ರೀತಿಗಳು ಆರು. ತ್ರಿಭುಜದ ಪ್ರತಿ ಚಲನೆಗೂ ಇಲ್ಲಿ ಒಂದೊಂದು ಜೋಡಿ ಸಿಗುತ್ತದೆ. ಅದೇ ಗ್ರೂಪ್, ಚಿತ್ರ ಇಲ್ಲದೆ. ಬರೆಯಲು ಸಲೀಸು, ಲೆಕ್ಕಕ್ಕೂ ಸಲೀಸು.

ಗ್ರೂಪ್ ಥಿಯರಿ ಹುಟ್ಟಿದ್ದು ಇಲ್ಲೇ. ಐದನೇ ಘಾತದ ಸಮೀಕರಣಕ್ಕೆ ಎರಡನೇ ಘಾತದ ಹಾಗೆ ಒಂದು ಸೂತ್ರ ಇದೆಯೇ ಅನ್ನುವ ಪ್ರಶ್ನೆ ಬಹಳ ಕಾಲದಿಂದ ಇತ್ತು. ಎಲ್ಲ ಸಮೀಕರಣಕ್ಕೂ ಒಪ್ಪುವ ಅಂಥ ಸೂತ್ರ ಇಲ್ಲ ಅಂತ ಆಬೆಲ್ 1824ರಲ್ಲಿ ಸಾಧಿಸಿದ. ಯಾವ ಸಮೀಕರಣಕ್ಕೆ ಇದೆ, ಯಾವುದಕ್ಕೆ ಇಲ್ಲ ಅನ್ನುವುದನ್ನು ಮೂಲಗಳ ಕ್ರಮಯೋಜನೆಯ ಗ್ರೂಪ್ ನೋಡಿ ಹೇಳಬಹುದು ಅಂತ ತೋರಿಸಿದ್ದು ಗಲ್ವಾ. 1832ರಲ್ಲಿ ದ್ವಂದ್ವಯುದ್ಧದ ಗಾಯದಿಂದ ತೀರಿಕೊಂಡಾಗ ಅವನಿಗೆ 20 ವರ್ಷ. ಅವನ ಬರಹಗಳನ್ನು ಲಿಯೂವಿಲ್ ಅಚ್ಚು ಮಾಡಿಸಿದ್ದು 1846ರಲ್ಲಿ. ಐದು ವಸ್ತುಗಳ ಸಮ ಕ್ರಮಯೋಜನೆಗಳು, ಅಂದರೆ ಎರಡೆರಡನ್ನು ಅದಲುಬದಲು ಮಾಡುತ್ತಾ ಸಮ ಸಂಖ್ಯೆಯ ಹೆಜ್ಜೆಗಳಲ್ಲಿ ಮುಗಿಯುವವು, 60 ಇವೆ. ಆ 60ರ ಗ್ರೂಪನ್ನು ನಾರ್ಮಲ್ ಸಬ್‌ಗ್ರೂಪ್ ಹಿಡಿದು ಇನ್ನಷ್ಟು ಚಿಕ್ಕದಾಗಿ ಒಡೆಯಲು ಬರುವುದಿಲ್ಲ. ಐದನೇ ಘಾತದಲ್ಲಿ ಸೂತ್ರ ಕೈಕೊಡುವುದಕ್ಕೆ ಕಾರಣ ಇದೇ. ತ್ರಿಭುಜದಲ್ಲಿ ಆಟದ ಹಾಗೆ ಕಂಡ ನಾರ್ಮಲ್ ಅನ್ನುವ ಷರತ್ತು ಇಲ್ಲಿ ಶತಮಾನಗಳ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಸಮ, ಬೆಸ ಅನ್ನುವ ವಿಂಗಡಣೆಯ ಬಲ ನೋಡಬೇಕಾದರೆ 15 ಬಿಲ್ಲೆಗಳ ಜಾರುವ ಆಟ ಸಾಕು. ಎಲ್ಲ ಸರಿ ಇದ್ದು 14 ಮತ್ತು 15 ಮಾತ್ರ ಅದಲುಬದಲಾಗಿದ್ದರೆ ಎಷ್ಟು ಜಾರಿಸಿದರೂ ಸರಿಪಡಿಸಲು ಆಗುವುದಿಲ್ಲ. 1879ರಲ್ಲೇ ಇದಕ್ಕೆ ಸಾಧನೆ ಪ್ರಕಟವಾಗಿದೆ. ರೂಬಿಕ್ ಕ್ಯೂಬ್ ಹಿಡಿದು ಗ್ರೂಪ್ ಕಲಿಯುತ್ತೇನೆ ಅನ್ನುವವರೂ ಇದ್ದಾರೆ. ಅದರ ಗ್ರೂಪಿನಲ್ಲಿ 43,252,003,274,489,856,000 ಅಂಶಗಳಿವೆ. ಚೆಂದದ ಉದಾಹರಣೆ, ಮೊದಲ ಉದಾಹರಣೆಯಾಗಿ ಬೇಡ. ಕೋಷ್ಟಕ ಬರೆದು ನೋಡಬಹುದಾದಷ್ಟು ಚಿಕ್ಕದು ಮೊದಲು ಇರಲಿ.

ಒಂದು ಎಚ್ಚರಿಕೆ ಹೇಳಲೇಬೇಕು. (1 2) ಅಂದರೆ 1 ಮತ್ತು 2 ಅದಲುಬದಲು, (1 2 3) ಅಂದರೆ 1 ಹೋಗಿ 2, 2 ಹೋಗಿ 3, 3 ಹೋಗಿ 1. (1 2)(2 3) ಅಂತ ಬರೆದಾಗ ಕೆಲವು ಪುಸ್ತಕಗಳು ಬಲದಿಂದ ಎಡಕ್ಕೆ ಓದುತ್ತವೆ, ಕೆಲವು ಎಡದಿಂದ ಬಲಕ್ಕೆ. ಬಲದಿಂದ ಓದಿದರೆ (1 2 3) ಬರುತ್ತದೆ, ಎಡದಿಂದ ಓದಿದರೆ (1 3 2). ಎರಡೂ ಸರಿ, ಆದರೆ ಬೆರೆಸಿದರೆ ಲೆಕ್ಕ ಕೆಡುತ್ತದೆ. ಎರಡು ಕಡೆಯಿಂದ ಓದುತ್ತಿರುವವರು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ತಮ್ಮ ಕ್ರಮ ಬರೆದಿಟ್ಟುಕೊಳ್ಳುವುದು ವಾಸಿ.

ಮ್ಯಾಟ್ರಿಕ್ಸ್‌ನಿಂದ ಶುರು ಮಾಡಿದರೆ

ಭೌತಶಾಸ್ತ್ರದ ಕಡೆ ಮುಖ ಮಾಡಿದವರಿಗೆ ಇದು ಬೇಕು, ಆದರೆ ಮ್ಯಾಟ್ರಿಕ್ಸ್ ಗುಣಾಕಾರ ಮತ್ತು ನಿರ್ಧಾರಕ ಚೆನ್ನಾಗಿ ಬಂದಿರಬೇಕು. ಕ್ರಮ ಬದಲಿಸಿದರೆ ಉತ್ತರ ಬದಲಾಗುತ್ತದೆ ಅನ್ನುವುದು ಮ್ಯಾಟ್ರಿಕ್ಸ್ ಬಲ್ಲವರಿಗೆ ಹೊಸ ಸುದ್ದಿ ಅಲ್ಲ. ಹಾಗಾಗಿ ಆಘಾತ ಕಮ್ಮಿ. ಕೊನೆಯಿಲ್ಲದ, ನಿರಂತರವಾಗಿ ಬದಲಾಗುವ ಗ್ರೂಪ್‌ಗಳು, ಅಂದರೆ ಗೋಳವನ್ನು ತಿರುಗಿಸುವ ಎಲ್ಲ ರೀತಿಗಳಂಥವು, ಇಲ್ಲಿ ಸಹಜವಾಗಿ ಸಿಗುತ್ತವೆ. ಸೋಫಸ್ ಲೀ ಹೆಸರಿನ ಗ್ರೂಪ್‌ಗಳ ಕಡೆಗೆ ಹೋಗುವ ದಾರಿ ಇದು.

ಆರರ ಪರೀಕ್ಷೆಯಲ್ಲಿ ಒಂದು ಸೊಗಸಾದ ಸಂಗತಿ ಇದೆ. 0 ಮತ್ತು 1 ಮಾತ್ರ ಬಳಸಿ, 2ರಿಂದ ಭಾಗಿಸಿ ಶೇಷ ಇಟ್ಟುಕೊಂಡು, ವಿಲೋಮ ಇರುವ 2×2 ಮ್ಯಾಟ್ರಿಕ್ಸ್‌ಗಳನ್ನು ಬರೆಯಿರಿ. ಸರಿಯಾಗಿ ಆರು ಸಿಗುತ್ತವೆ. ಈ ಆರು ಸೊನ್ನೆಯಲ್ಲದ ಮೂರು ಸದಿಶಗಳನ್ನು, ಅಂದರೆ (1,0), (0,1), (1,1) ಇವುಗಳನ್ನು, ಎಲ್ಲ ರೀತಿಯಲ್ಲೂ ಅದಲುಬದಲು ಮಾಡುತ್ತವೆ. ಮತ್ತೆ ತ್ರಿಭುಜದ ಗ್ರೂಪೇ! ಆದರೆ ಇದನ್ನು ಮೆಚ್ಚಬೇಕಾದರೆ ತ್ರಿಭುಜದ ಪರಿಚಯ ಮೊದಲೇ ಇರಬೇಕು ಅನ್ನುವುದನ್ನು ಗಮನಿಸಿ.

ಯಾರಿಗೆ ಯಾವುದು?

ಪರೀಕ್ಷೆ ಎದುರಿಗಿದ್ದರೆ ನಿಯಮಗಳ ದಾರಿ ತಪ್ಪಿಸಿಕೊಳ್ಳಲು ಆಗದು. ತರಗತಿ ಆ ಕ್ರಮದಲ್ಲೇ ಹೋಗಲಿ, ನಿಮ್ಮ ಮೇಜಿನ ಮೇಲೆ ರಟ್ಟಿನ ತ್ರಿಭುಜ ಇರಲಿ. ಪ್ರತಿ ಹೊಸ ಪ್ರಮೇಯ ಬಂದಾಗ ಅದು ತ್ರಿಭುಜದಲ್ಲಿ ಏನು ಹೇಳುತ್ತದೆ, 7ರ ಶೇಷಗಳಲ್ಲಿ ಏನು ಹೇಳುತ್ತದೆ ಅಂತ ಎರಡೂ ಕಡೆ ನೋಡಿ. ಈ ಎರಡೇ ಉದಾಹರಣೆ ಮೊದಲರ್ಧ ಪಠ್ಯವನ್ನು ಆರಾಮಾಗಿ ಹೊರುತ್ತವೆ.

ಪ್ರೋಗ್ರಾಮರ್‌ಗಳು ಶೇಷದ ಲೆಕ್ಕದಿಂದ ಹೊರಟರೆ ಅಡ್ಡಿಯಿಲ್ಲ, ಅಲ್ಲೇ ನಿಲ್ಲಬೇಡಿ ಅಷ್ಟೇ. ಕ್ರಮ ಮುಖ್ಯವಾಗುವ ಗ್ರೂಪ್ ನಿಮ್ಮ ಕೆಲಸಕ್ಕೂ ಬರುತ್ತದೆ. ಉದ್ದ ಸಂಖ್ಯೆಗಳನ್ನು ಟೈಪ್ ಮಾಡುವಾಗ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗುವುದು ಸಾಮಾನ್ಯ ತಪ್ಪು. ವರ್ಹೂಫ್ ಅನ್ನುವ ಡಚ್ ಗಣಿತಜ್ಞ 1969ರಲ್ಲಿ ಇದಕ್ಕೊಂದು ತಾಳೆ ಅಂಕಿ, ಅಂದರೆ ತಪ್ಪು ಹಿಡಿಯಲು ಸಂಖ್ಯೆಗೆ ಸೇರಿಸುವ ಹೆಚ್ಚುವರಿ ಅಂಕಿ, ಹುಡುಕುವ ವಿಧಾನ ಕೊಟ್ಟರು. ಅದರ ಹೃದಯದಲ್ಲಿ ಇರುವುದು ಸಮ ಪಂಚಭುಜದ ಹತ್ತು ಸಮಮಿತಿಗಳ ಗ್ರೂಪ್, ಜೊತೆಗೆ ಒಂದು ಕ್ರಮಯೋಜನೆ. ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಅಂಕಿಗಳು ಅದಲಾದರೂ, ಎಲ್ಲವನ್ನೂ ಅದು ಹಿಡಿಯುತ್ತದೆ. ಕ್ರಮ ಬದಲಾದರೆ ಉತ್ತರ ಬದಲಾಗುವ ಗ್ರೂಪ್ ಕ್ರಮದ ತಪ್ಪನ್ನು ಹಿಡಿಯಲು ಒದಗಿ ಬಂತು.

ರಸಾಯನಶಾಸ್ತ್ರದವರು ಸಮಮಿತಿ ಬಿಟ್ಟು ಬೇರೆ ಯೋಚನೆ ಮಾಡಬೇಕಿಲ್ಲ. ಭೌತಶಾಸ್ತ್ರದವರು ಸಮಮಿತಿ ಮುಗಿಸಿ ಮ್ಯಾಟ್ರಿಕ್ಸ್‌ಗೆ ದಾಟಲಿ. ಬರೀ ಕುತೂಹಲಕ್ಕೆ ಓದುವವರಿಗೆ ತ್ರಿಭುಜ, ಆಮೇಲೆ ಕ್ರಮಯೋಜನೆ, ಆಮೇಲೆ ಗಲ್ವಾನ ಪ್ರಶ್ನೆ. ಇದಕ್ಕಿಂತ ಜಾಸ್ತಿ ಸುಖ ಕೊಡುವ ಕ್ರಮ ನನಗೆ ಗೊತ್ತಿಲ್ಲ.

ಗ್ರೂಪ್ ಬಿಟ್ಟು, ಕೂಡುವುದು ಗುಣಿಸುವುದು ಎರಡೂ ಇರುವ ರಿಂಗ್‌ನಿಂದಲೇ ಅಮೂರ್ತ ಬೀಜಗಣಿತ ಶುರು ಮಾಡುವವರೂ ಇದ್ದಾರೆ. ಪೂರ್ಣಾಂಕ, ಬಹುಪದ ಎಲ್ಲರಿಗೂ ಪರಿಚಿತ ಅನ್ನುವುದು ಅವರ ವಾದ. ಸಂಖ್ಯಾಸಿದ್ಧಾಂತದ, ಅಂದರೆ ಪೂರ್ಣಾಂಕಗಳ ಗುಣ ಹುಡುಕುವ ಗಣಿತದ, ಸೆಳೆತ ಇರುವವರಿಗೆ ಅದು ಒಪ್ಪುತ್ತದೆ. ಉಳಿದವರಿಗೆ ಎರಡು ಕ್ರಿಯೆಗಳ ಬದಲು ಒಂದೇ ಕ್ರಿಯೆ ಇರುವ ಗ್ರೂಪ್ ಹಗುರ.

ಕಾಗದವೋ, ಕಂಪ್ಯೂಟರೋ?

ಮೊದಲು ಕಾಗದ. ಎಂಟು ಅಂಶಗಳವರೆಗಿನ ಕೋಷ್ಟಕಗಳನ್ನು ಕೈಯಲ್ಲೇ ತುಂಬಬೇಕು. ಆ ಸವಕಳಿಯಲ್ಲೇ ವಿಷಯ ಒಳಗಿಳಿಯುತ್ತದೆ. ಆಮೇಲೆ ಗ್ಯಾಪ್ ಅನ್ನುವ ಉಚಿತ ತಂತ್ರಾಂಶ ಇದೆ. 1986ರಲ್ಲಿ ಜರ್ಮನಿಯ ಆಖೆನ್‌ನಲ್ಲಿ ಇದರ ಕೆಲಸ ಶುರುವಾಯಿತು. ಗ್ರೂಪ್ ಕೊಟ್ಟರೆ ಸಬ್‌ಗ್ರೂಪ್‌ಗಳ ಪಟ್ಟಿ ಕೊಡುತ್ತದೆ, ನಾರ್ಮಲ್ ಯಾವುದು ಅಂತ ಹೇಳುತ್ತದೆ. 12 ಅಂಶಗಳಿಂದ ಮೇಲೆ ಇದರ ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಯಾಕೆಂದರೆ ಗಾತ್ರ ಬೆಳೆದ ಹಾಗೆ ಗ್ರೂಪ್‌ಗಳ ಸಂಖ್ಯೆ ಅಡ್ಡಾದಿಡ್ಡಿ ಬೆಳೆಯುತ್ತದೆ: 16 ಅಂಶಗಳ ಗ್ರೂಪ್ 14, 32ರವು 51, 64ರವು 267, 512ರವು 10,494,213. ನಡುವೆ 31 ಅಥವಾ 61ರಂಥ ಅವಿಭಾಜ್ಯ ಸಂಖ್ಯೆ ಬಂದರೆ ಒಂದೇ ಒಂದು.

ಎಂಟರಲ್ಲಿ ದಾರಿಗಳು ಕೂಡುತ್ತವೆ

ಆರು ಮುಗಿದ ಮೇಲೆ ಎಂಟನ್ನು ಹಿಡಿಯಿರಿ. ಎಂಟು ಅಂಶಗಳ ಗ್ರೂಪ್ ಐದು ಇವೆ. ಹುಡುಕಲು ಹೊರಟರೆ ಒಂದೇ ದಾರಿ ಸಾಲುವುದಿಲ್ಲ ಅನ್ನುವುದು ತಾನಾಗಿ ತಿಳಿಯುತ್ತದೆ.

ಮೂರು ಸಾಧು ಗ್ರೂಪ್‌ಗಳು ಶೇಷದ ಲೆಕ್ಕದಲ್ಲೇ ಸಿಗುತ್ತವೆ. 8ರ ಶೇಷಗಳನ್ನು ಕೂಡಿದರೆ ಒಂದು. 15ರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ 1, 2, 4, 7, 8, 11, 13, 14 ಇವುಗಳನ್ನು 15ರ ಶೇಷ ಇಟ್ಟು ಗುಣಿಸಿದರೆ ಇನ್ನೊಂದು. 24ಕ್ಕೆ ಹಾಗೇ ಮಾಡಿದರೆ ಮೂರನೆಯದು. ಅಲ್ಲಿ ಯಾವ ಸಂಖ್ಯೆಯ ವರ್ಗ ಮಾಡಿದರೂ ಶೇಷ 1. 5ರ ವರ್ಗ 25, 7ರ ವರ್ಗ 49, 11ರ ವರ್ಗ 121, ನೀವೇ ಭಾಗಿಸಿ ನೋಡಿ.

ನಾಲ್ಕನೆಯದು ಚೌಕದ ಸಮಮಿತಿ. ರಟ್ಟು ಕತ್ತರಿಸಿದರೆ ಕೈಗೆ ಬರುತ್ತದೆ, ನಾಲ್ಕು ಗುರುತುಗಳ ಕ್ರಮಯೋಜನೆಯಾಗಿಯೂ ಬರೆಯಬಹುದು. ಅದರಲ್ಲಿ ಎರಡೇ ಹೆಜ್ಜೆಗೆ ಮೊದಲಿನ ಸ್ಥಿತಿಗೆ ಮರಳುವ ಅಂಶಗಳು ಐದು: ಅರ್ಧ ಸುತ್ತು ಮತ್ತು ನಾಲ್ಕು ಮಗುಚುವಿಕೆ.

ಐದನೆಯದು ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ, ನಾಲ್ಕು ಭಾಗಗಳ ಸಂಖ್ಯೆಗಳಾದ ಕ್ವಾಟರ್ನಿಯನ್‌ಗಳಿಂದ ಬರುವ ಗ್ರೂಪ್. ಇದರಲ್ಲಿ ಎರಡು ಹೆಜ್ಜೆಗೆ ಮರಳುವ ಅಂಶ ಒಂದೇ, ನಾಲ್ಕು ಹೆಜ್ಜೆ ಬೇಕಾದವು ಆರು. ಇದನ್ನು ತೋರಿಸುವ ಸಮತಲದ ಆಕೃತಿ ಯಾವುದೂ ಇಲ್ಲ, ರಟ್ಟು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಕಾಂಪ್ಲೆಕ್ಸ್ ಸಂಖ್ಯೆಗಳ 2×2 ಮ್ಯಾಟ್ರಿಕ್ಸ್‌ಗಳಲ್ಲಿ ಚೊಕ್ಕವಾಗಿ ಕೂರುತ್ತದೆ. ಯಾವುದೇ ಗ್ರೂಪನ್ನು ಕ್ರಮಯೋಜನೆಗಳಾಗಿ ಬರೆಯಬಹುದು ಅಂತ ಕೇಲಿಯ ಪ್ರಮೇಯ ಭರವಸೆ ಕೊಡುತ್ತದೆ, ಇದನ್ನೂ ಬರೆಯಬಹುದು. ಆದರೆ ಚೌಕಕ್ಕೆ ನಾಲ್ಕು ಗುರುತು ಸಾಕಾದಲ್ಲಿ ಇದಕ್ಕೆ ಎಂಟೂ ಬೇಕು, ಒಂದು ಕಮ್ಮಿಯಾದರೂ ಆಗದು. ಇನ್ನೂ ಒಂದು ವಿಶೇಷ: ಕ್ರಮ ಬದಲಿಸಿದರೆ ಉತ್ತರ ಬದಲಾಗುವ ಗ್ರೂಪ್ ಇದು, ಆದರೂ ಇದರ ಎಲ್ಲ ಸಬ್‌ಗ್ರೂಪ್‌ಗಳೂ ನಾರ್ಮಲ್. ತ್ರಿಭುಜದಲ್ಲಿ ಕಲಿತದ್ದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇಕಿಲ್ಲ. ಎಂಟು ಅಂಶಗಳ ಕೋಷ್ಟಕ ಬರೆದು, ಎಡ ಕಟ್ಟು ಬಲ ಕಟ್ಟುಗಳನ್ನು ಒಂದೊಂದಾಗಿ ತಾಳೆ ನೋಡಿ.